ಕಬ್ಬನ್ ಅಂದ್ರೆ ಕಬ್ಬಲ್ಲ: ಅಪರೂಪದ ಬ್ರಿಟಿಷ್ ಅಡ್ಡಹೆಸರಿನ ಊರು ಹುಡುಕುವುದು ಹೇಗೆ

ಚಿಕ್ಕಂದಿನಲ್ಲಿ ನಾನು ಕಬ್ಬನ್ ಪಾರ್ಕ್ ಅಂದರೆ ಒಂದು ಕಾಲಕ್ಕೆ ಕಬ್ಬಿನ ಗದ್ದೆ ಇದ್ದ ಜಾಗ ಅಂತಲೇ ನಂಬಿದ್ದೆ. ಹಾಗಂತ ಯಾರೂ ಹೇಳಿರಲಿಲ್ಲ. ಹೆಸರು ಕಿವಿಗೆ ಬಿತ್ತು, ಅರ್ಥ ತಾನಾಗೇ ಹುಟ್ಟಿಕೊಂಡಿತು. 1834ರಿಂದ 1861ರವರೆಗೆ ಮೈಸೂರು ಸಂಸ್ಥಾನದ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರ ಹೆಸರು ಅದು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಆಗ ಇನ್ನೊಂದು ಪ್ರಶ್ನೆ ಎದ್ದಿತು. ಸ್ಮಿತ್, ಬ್ರೌನ್, ಟೇಲರ್ ಎಲ್ಲ ಕೇಳಿದ್ದೇವೆ. ಈ ಕಬ್ಬನ್ ಅನ್ನೋ ಹೆಸರು ಬೇರೆ ಎಲ್ಲೂ ಕೇಳಿಲ್ಲವಲ್ಲ, ಇದು ಯಾವ ಊರಿನದು?

ಹುಡುಕಿದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕೈಯಲ್ಲಿರುವ ಹೆಸರು ಬೇರೆ ಇರಬಹುದು. ಹಳೆಯ ಸಮಾಧಿ ಕಲ್ಲಿನ ಮೇಲೆ ಕಂಡದ್ದೋ, ಆಂಗ್ಲೋ-ಇಂಡಿಯನ್ ಸ್ನೇಹಿತರದ್ದೋ, ಇಂಗ್ಲೆಂಡಿನಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರದ್ದೋ. ದಾರಿ ಮಾತ್ರ ಹೆಚ್ಚುಕಮ್ಮಿ ಒಂದೇ.

ಅರ್ಥ ಕೊನೆಗೆ, ಊರು ಮೊದಲು

ಎಲ್ಲರೂ ಶುರು ಮಾಡುವುದು ‘ಈ ಹೆಸರಿಗೆ ಅರ್ಥ ಏನು’ ಅನ್ನುವಲ್ಲಿಂದ. ಅಲ್ಲೇ ದಾರಿ ತಪ್ಪುವುದು. ಅರ್ಥ ಹುಡುಕಲು ಹೊರಟರೆ ಕಿವಿಗೆ ಹತ್ತಿರವಾದ ಯಾವುದೋ ಪದ ಸಿಕ್ಕಿಬಿಡುತ್ತದೆ, ನನಗೆ ಕಬ್ಬು ಸಿಕ್ಕ ಹಾಗೆ. ಇಂಗ್ಲಿಷ್ ಬಲ್ಲವರಿಗೆ ‘ಕಬ್’, ಅಂದರೆ ಮರಿ, ಸಿಗುತ್ತದೆ. ಎರಡೂ ತಪ್ಪೇ.

ಅಪರೂಪದ ಹೆಸರಿಗೆ ಒಂದು ಅನುಕೂಲ ಇದೆ. 1881ರಲ್ಲಿ ಬ್ರಿಟನ್‌ನಲ್ಲಿ ಸ್ಮಿತ್‌ಗಳೇ ನಾಲ್ಕು ಲಕ್ಷಕ್ಕೂ ಜಾಸ್ತಿ ಇದ್ದರು. ಊರೂರಿಗೂ ಕಮ್ಮಾರ ಇದ್ದ, ಹಾಗಾಗಿ ಊರೂರಿಗೂ ಸ್ಮಿತ್ ಹುಟ್ಟಿದ. ಅಂಥ ಹೆಸರಿಗೆ ತವರೂರು ಅಂತ ಒಂದು ಇರುವುದಿಲ್ಲ. ಅಪರೂಪದ ಹೆಸರು ಹಾಗಲ್ಲ. ಅದು ಬಹಳ ಸಲ ಒಂದೇ ಕಡೆ, ಒಂದೆರಡು ಕುಟುಂಬದಲ್ಲಿ ಹುಟ್ಟಿರುತ್ತದೆ. ಊರು ಗೊತ್ತಾದರೆ ಅಲ್ಲಿ ಯಾವ ಭಾಷೆ ಆಡುತ್ತಿದ್ದರು ಅಂತ ಗೊತ್ತಾಗುತ್ತದೆ. ಭಾಷೆ ಗೊತ್ತಾದರೆ ಅರ್ಥ ಅರ್ಧ ಸಿಕ್ಕ ಹಾಗೆ.

1881ಕ್ಕೆ ಹೋಗಿ

ಬ್ರಿಟನ್‌ನಲ್ಲಿ 1801ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೆಯುತ್ತದೆ. ಎಲ್ಲರ ಹೆಸರು ಬರೆದ ಪುಸ್ತಕಗಳು ಉಳಿದಿರುವುದು 1841ರಿಂದ. ನೂರು ವರ್ಷ ಕಳೆಯುವವರೆಗೆ ಹೆಸರುಗಳನ್ನು ಬಿಡುಗಡೆ ಮಾಡುವುದಿಲ್ಲ. 1921ರದ್ದು 2022ರ ಜನವರಿಯಲ್ಲಿ ಹೊರಬಂತು. 1931ರ ಇಂಗ್ಲೆಂಡ್ ಮತ್ತು ವೇಲ್ಸ್ ಪುಸ್ತಕಗಳು 1942ರಲ್ಲಿ ಬೆಂಕಿಗೆ ಹೋದವು. 1941ರಲ್ಲಿ ಯುದ್ಧ, ಗಣತಿಯೇ ನಡೆಯಲಿಲ್ಲ.

ಇಷ್ಟರಲ್ಲಿ ಮೊದಲು ತೆರೆಯಬೇಕಾದ್ದು 1881ರದ್ದು. ಆ ವರ್ಷ ಏಪ್ರಿಲ್ 3ರ ರಾತ್ರಿ ಯಾರು ಯಾವ ಮನೆಯಲ್ಲಿದ್ದರು ಅನ್ನುವುದು ಪೂರ್ತಿ ಕಂಪ್ಯೂಟರಿಗೆ ಬಂದಿದೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಖಾತೆ ತೆರೆದರೆ ಸಾಕು, ದುಡ್ಡು ಕೊಡಬೇಕಿಲ್ಲ. ಅಷ್ಟು ಹೊತ್ತಿಗೆ ರೈಲು ಬಂದು ಜನ ಪಟ್ಟಣ ಸೇರಲು ಶುರು ಮಾಡಿದ್ದರು, ನಿಜ. ಆದರೂ ಕಾರು, ಮಹಾಯುದ್ಧಗಳು ಎಲ್ಲರನ್ನೂ ಚೆದುರಿಸಿರಲಿಲ್ಲ. ಹಳೆಯ ಬೇರು ಇನ್ನೂ ಕಾಣಿಸುತ್ತದೆ.

ಹೆಸರು ಹಾಕಿ ಹುಡುಕಿ. ಬಂದವರನ್ನೆಲ್ಲ ಎಕ್ಸೆಲ್ ಹಾಳೆಗೆ ಇಳಿಸಿ: ಹೆಸರು, ವಯಸ್ಸು, ಕಸುಬು, ಇದ್ದ ಊರು, ಹುಟ್ಟಿದ ಊರು. ಕೊನೆಯ ಎರಡನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಬರೆಯುವುದು ಮುಖ್ಯ. ಹೊಸಬರು ಇದ್ದ ಊರನ್ನಷ್ಟೇ ಎಣಿಸುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿ ‘ಕಬ್ಬನ್ ಲಿವರ್‌ಪೂಲಿನ ಹೆಸರು’ ಅಂತ ಬರೆದಿಟ್ಟು, ಎರಡು ದಿನ, ಆಗ ಆ ಪಟ್ಟಣ ಸೇರಿದ್ದ ಲ್ಯಾಂಕಾಶೈರ್ ಜಿಲ್ಲೆಯ ಹಳ್ಳಿಗಳ ಪಟ್ಟಿ ಓದುತ್ತಾ ಕೂತೆ. ಆಮೇಲೆ ಹುಟ್ಟಿದ ಊರಿನ ಕಾಲಮ್ಮು ನೋಡಿದರೆ, ಅಲ್ಲಿ ಮತ್ತೆ ಮತ್ತೆ ‘ಐಲ್ ಆಫ್ ಮ್ಯಾನ್’.

ಐಲ್ ಆಫ್ ಮ್ಯಾನ್ ಅಂದರೆ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮೂರರ ನಡುವೆ ಸಮುದ್ರದಲ್ಲಿರುವ ಪುಟ್ಟ ದ್ವೀಪ. 572 ಚದರ ಕಿಲೋಮೀಟರ್. ನಮ್ಮ ಒಂದು ತಾಲ್ಲೂಕಿನಷ್ಟು ದೊಡ್ಡದು. ಬ್ರಿಟಿಷ್ ರಾಜಮನೆತನಕ್ಕೆ ಸೇರಿದರೂ ಯುನೈಟೆಡ್ ಕಿಂಗ್‌ಡಮ್‌ನ ಭಾಗ ಅಲ್ಲ, ತನ್ನದೇ ಸಂಸತ್ತು ಇದೆ. ಇದರಿಂದ ನಮಗೆ ಒಂದು ತಾಪತ್ರಯ. ಅಡ್ಡಹೆಸರಿನ ನಕ್ಷೆ ತೋರಿಸುವ ಕೆಲವು ತಾಣಗಳು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್ ಇಷ್ಟನ್ನೇ ಬಣ್ಣ ಹಚ್ಚಿ ತೋರಿಸುತ್ತವೆ. ದ್ವೀಪ ಬಿಟ್ಟುಹೋದರೆ ಕಬ್ಬನ್ ಲಿವರ್‌ಪೂಲಿನದೇ ಅನ್ನಿಸುತ್ತದೆ. ನಕ್ಷೆ ನೋಡುವ ಮುಂಚೆ ಅದರಲ್ಲಿ ಯಾವ ಜಾಗ ಸೇರಿಲ್ಲ ಅಂತ ಕೇಳಿಕೊಳ್ಳಿ. ಐರ್ಲೆಂಡಿನದೂ ಇದೇ ಕಥೆ.

ತಲೆ ಎಣಿಸಿದರೆ ಸಾಲದು

ಎಣಿಕೆಗಿಂತ ಸಾಂದ್ರತೆ ಮುಖ್ಯ. ಸುಮ್ನೆ ಒಂದು ಲೆಕ್ಕ ನೋಡಿ. ಒಂದು ಹೆಸರಿನವರು ಲ್ಯಾಂಕಾಶೈರಿನಲ್ಲಿ 100 ಜನ, ಐಲ್ ಆಫ್ ಮ್ಯಾನ್‌ನಲ್ಲಿ 100 ಜನ ಸಿಕ್ಕರು ಅಂದುಕೊಳ್ಳಿ. ಸಮ ಸಮ ಅನ್ನಿಸುತ್ತದೆ, ಅಲ್ವಾ? ಆದರೆ 1881ರಲ್ಲಿ ಲ್ಯಾಂಕಾಶೈರಿನ ಜನಸಂಖ್ಯೆ ಸುಮಾರು 34 ಲಕ್ಷ. ದ್ವೀಪದ್ದು ಸುಮಾರು 54 ಸಾವಿರ. ಅಂದರೆ ಅಲ್ಲಿ 34 ಸಾವಿರಕ್ಕೊಬ್ಬರು, ಇಲ್ಲಿ 540ಕ್ಕೊಬ್ಬರು. ಅರವತ್ತು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಹೆಸರಿನ ತವರು ಯಾವುದು ಅಂತ ಇನ್ನು ಕೇಳಬೇಕಿಲ್ಲ.

ಇನ್ನೊಂದು ಚಿಕ್ಕ ಉಪಾಯ. ಪಟ್ಟಣದಲ್ಲಿರುವ ಒಂದು ಮನೆ ತೆಗೆದುಕೊಂಡು ಮಕ್ಕಳ ಹುಟ್ಟೂರು ಸಾಲಾಗಿ ಓದಿ. ಅಪ್ಪ ಅಮ್ಮ ದ್ವೀಪದಲ್ಲಿ ಹುಟ್ಟಿದವರು, ಹನ್ನೆರಡು ವರ್ಷದ ಮಗನೂ ಅಲ್ಲೇ, ಒಂಬತ್ತರ ಮಗಳು ಲಿವರ್‌ಪೂಲಿನಲ್ಲಿ ಅಂತಿದ್ದರೆ, ಆ ಸಂಸಾರ ಹಡಗು ಹತ್ತಿದ್ದು 1868 ಮತ್ತು 1872ರ ನಡುವೆ. ಯಾವ ದಾಖಲೆಯೂ ನೇರವಾಗಿ ಹೇಳದ ಸಂಗತಿ ಇದು. ಇಂಥ ನಾಲ್ಕಾರು ಮನೆ ಓದಿದರೆ ವಲಸೆಯ ದಾರಿ ಕಣ್ಣಿಗೆ ಕಟ್ಟುತ್ತದೆ.

ಆಮೇಲೆ ಹಿಂದಕ್ಕೆ ಹೋಗಿ. 1851ರ ಗಣತಿಯಲ್ಲೂ ಹುಟ್ಟಿದ ಊರು ಇದೆ. 1841ರದ್ದು ಅಷ್ಟು ಒಳ್ಳೆಯದಲ್ಲ. ಹುಟ್ಟಿದ್ದು ಇದೇ ಜಿಲ್ಲೆಯಲ್ಲಾ ಅಲ್ಲವಾ ಅಂತಷ್ಟೇ ಬರೆದಿದ್ದಾರೆ, ದೊಡ್ಡವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿದ್ದಾರೆ. 34 ವರ್ಷದವರು 30 ಆಗಿರುತ್ತಾರೆ. ಅದನ್ನು ನಂಬಿ ಹುಟ್ಟಿದ ವರ್ಷ ಲೆಕ್ಕ ಹಾಕಬೇಡಿ.

ಒಂದೇ ಹೆಸರು, ಹತ್ತು ಸ್ಪೆಲ್ಲಿಂಗು

ಜನಗಣತಿಯವನು ಬಾಗಿಲಲ್ಲಿ ನಿಂತು ಕೇಳಿದ, ಕಿವಿಗೆ ಬಿದ್ದಂತೆ ಬರೆದ. ನೂರು ವರ್ಷದ ಮೇಲೆ ಇನ್ನೊಬ್ಬರು ಆ ಕೈಬರಹ ನೋಡಿ ಟೈಪ್ ಮಾಡಿದರು. ಎರಡು ಕಡೆ ತಪ್ಪಾಗಲು ಅವಕಾಶ. ಕಬ್ಬನ್ ಹುಡುಕುವವರು ಕಬ್ಬಿನ್, ಕಬ್ಬೆನ್, ಕಬ್ಬಾನ್ ಎಲ್ಲ ನೋಡಬೇಕು. ಹಳೆಯ ಬರಹದಲ್ಲಿ ದೊಡ್ಡ ‘ಸಿ’ ಮತ್ತು ‘ಜಿ’ ಅಕ್ಷರ ಒಂದೇ ಥರ ಕಾಣುವುದರಿಂದ ಗಬ್ಬನ್ ಕೂಡ. ಸ್ವರ ಇರುವ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಹೆಚ್ಚಿನ ತಾಣಗಳು ಎಲ್ಲವನ್ನೂ ಒಟ್ಟಿಗೆ ತೋರಿಸುತ್ತವೆ.

ಊರಿನ ಹೆಸರಿಗೂ ಇದೇ ಮಾತು. ಮಾರ್ಕ್ ಕಬ್ಬನ್ ಅವರ ತಂದೆ ಪಾದ್ರಿಯಾಗಿದ್ದ ಊರನ್ನು ಇಂಗ್ಲಿಷ್ ಅಕ್ಷರ ನೋಡಿ ನಾವು ‘ಮೌಘೋಲ್ಡ್’ ಅಂತ ಓದಬಹುದು. ಅಲ್ಲಿನವರ ಬಾಯಲ್ಲಿ ಅದು ‘ಮ್ಯಾಕಲ್ಡ್’. ದ್ವೀಪದ ಈಶಾನ್ಯ ಮೂಲೆಯ ಈ ಚರ್ಚಿನ ಆವರಣದಲ್ಲಿ ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಶಿಲುಬೆಗಳಿವೆ. ಸೂಯೆಜ್‌ನಲ್ಲಿ 1861ರ ಏಪ್ರಿಲ್‌ನಲ್ಲಿ, ಊರಿಗೆ ಹೊರಟ ದಾರಿಯಲ್ಲೇ ತೀರಿಕೊಂಡ ಕಬ್ಬನ್ ಅವರನ್ನು ಕೊನೆಗೆ ಮಣ್ಣು ಮಾಡಿದ್ದೂ ಇಲ್ಲೇ.

ಈಗ ಅರ್ಥ

ಊರು ಸಿಕ್ಕಿತು. ಅಲ್ಲಿನ ಭಾಷೆ ಮ್ಯಾಂಕ್ಸ್. ಐರಿಷ್, ಸ್ಕಾಟಿಷ್ ಗೇಲಿಕ್‌ಗಳ ತಂಗಿ. ಅದನ್ನು ತಾಯ್ನುಡಿಯಾಗಿ ಆಡುತ್ತಿದ್ದ ಕೊನೆಯವರು ನೆಡ್ ಮ್ಯಾಡ್ರೆಲ್, 1974ರಲ್ಲಿ ತೀರಿಕೊಂಡರು. ಈಗ ಶಾಲೆಗಳಲ್ಲಿ ಮತ್ತೆ ಕಲಿಸುತ್ತಿದ್ದಾರೆ.

ಗೇಲಿಕ್ ಭಾಷೆಗಳಲ್ಲಿ ‘ಮ್ಯಾಕ್’ ಅಂದರೆ ಮಗ. ಸ್ಕಾಟ್ಲೆಂಡಿನಲ್ಲಿ ಅದು ಮ್ಯಾಕ್‌ಡೊನಾಲ್ಡ್‌ನಂಥ ಹೆಸರುಗಳಲ್ಲಿ ಪೂರ್ತಿ ಉಳಿಯಿತು. ಮ್ಯಾನ್ ದ್ವೀಪದಲ್ಲಿ ಮಾತ್ರ ಅದರ ಮೊದಲ ಭಾಗ ಸವೆದುಹೋಗಿ, ಕೊನೆಯ ‘ಕ್’ ಸದ್ದು ಮುಂದಿನ ಹೆಸರಿಗೆ ಅಂಟಿಕೊಂಡಿತು. 1511ರ ಸುಮಾರಿನ ಜಮೀನು ಗೇಣಿಯ ಪಟ್ಟಿಗಳಲ್ಲಿ ‘ಮ್ಯಾಕ್’ ಎದ್ದು ಕಾಣುತ್ತದೆ. ಮುಂದಿನ ಶತಮಾನದ ಚರ್ಚ್ ಪುಸ್ತಕಗಳಿಗೆ ಬಂದರೆ ಹೆಚ್ಚಿನವರ ಹೆಸರಿನಿಂದ ಮಾಯ. ಹಾಗಾಗಿ ಈ ದ್ವೀಪದ ಹೆಸರುಗಳೆಲ್ಲ ‘ಕ’ ಸದ್ದಿನಿಂದಲೇ ಶುರುವಾಗುತ್ತವೇನೋ ಅನ್ನಿಸುತ್ತದೆ. ಮ್ಯಾಕ್ ಫಿಲಿಪ್ ಆಗಿದ್ದವನು ಕಿಲ್ಲಿಪ್ ಆದ. ವಿಲಿಯಮ್ಮನ ಮಗ ಕ್ವಿಲಿಯಮ್. ಪಾಲನ ಮಗ ಕ್ವೇಲ್. ನೀಲನ ಮಗ ನೀಲ್, ಆದರೆ ಬರೆಯುವಾಗ ಮುಂದೆ ‘ಕೆ’ ಅಕ್ಷರ ಇದೆ, ಅದನ್ನು ಉಚ್ಚರಿಸುವುದಿಲ್ಲ. 1266ರವರೆಗೆ ದ್ವೀಪ ನಾರ್ವೆಯ ಕೈಕೆಳಗಿತ್ತು, ಹಾಗಾಗಿ ವೈಕಿಂಗ್ ಹೆಸರಿಗೂ ಗೇಲಿಕ್ ಮ್ಯಾಕ್ ಅಂಟಿದೆ. ಕೌಲಿ ಅಂದರೆ ಓಲಾಫನ ಮಗ.

ಕಬ್ಬನ್ ಕೂಡ ಇದೇ ಗುಂಪಿನದು. ಗಿಲ್ಬರ್ಟ್ ಅನ್ನುವ ಹೆಸರನ್ನು ಮುದ್ದಿಗೆ ‘ಗಿಬ್’ ಅಂದರು, ಅದಕ್ಕೆ ಬಾಲ ಸೇರಿಸಿ ‘ಗಿಬ್ಬನ್’ ಮಾಡಿದರು. ರೋಮ್ ಇತಿಹಾಸ ಬರೆದ ಎಡ್ವರ್ಡ್ ಗಿಬ್ಬನ್ ಅವರ ಹೆಸರೂ ಇದೇ. ಅವನ ಮಗ ಮ್ಯಾಕ್ ಗಿಬ್ಬನ್. ಮಳೆ ಮತ್ತು ಕಾಲ ಸೇರಿದರೆ ‘ಮಳೆಗಾಲ’ ಅಂತ ಶಾಲೆಯಲ್ಲಿ ಆದೇಶ ಸಂಧಿ ಕಲಿತಿದ್ದೇವಲ್ಲ, ಕ ಹೋಗಿ ಗ ಬಂತು. ಇಲ್ಲಿ ಉಲ್ಟಾ. ಮ್ಯಾಕ್‌ನ ಕ್ ಸದ್ದು ಮುಂದಿನ ಗ ಸದ್ದನ್ನು ನುಂಗಿ ಮ್ಯಾಕ್ಕಬ್ಬನ್ ಆಯಿತು. ತಲೆ ಕಡಿದರೆ ಕಬ್ಬನ್.

ಇಲ್ಲಿ ಒಂದು ಹೊಂಡ ಇದೆ, ನೋಡಿ ಕಾಲಿಡಿ. ಸ್ಕಾಟ್ಲೆಂಡಿನ ನೈಋತ್ಯದಲ್ಲಿ ಮೆಕಬಿನ್ ಅನ್ನುವ ಹೆಸರಿದೆ. ಆಸ್ಟ್ರೇಲಿಯಾದ ಹೆಸರಾಂತ ಚಿತ್ರಕಾರ ಫ್ರೆಡ್ರಿಕ್ ಮೆಕಬಿನ್ ಅವರ ತಂದೆ ಆ ಕಡೆಯ ಏರ್‌ಶೈರಿನವರು. ಬೇರು ಅದೇ ಗಿಬ್ಬನ್. ಹಾಗಂತ ಕಬ್ಬನ್ ಮತ್ತು ಮೆಕಬಿನ್ ಮನೆಯವರು ನೆಂಟರು ಅಂತ ಬರೆದುಬಿಡಬೇಡಿ. ಗಿಬ್ಬನ್ ಅನ್ನುವ ಬೇರೆ ಬೇರೆ ಅಪ್ಪಂದಿರಿಗೆ ಬೇರೆ ಬೇರೆ ಕಡೆ ಮಕ್ಕಳು ಹುಟ್ಟಿರಬಹುದು. ಬಾಗಲಕೋಟೆಯ ಬಡಿಗೇರರಿಗೂ ಕಲಬುರಗಿಯ ಬಡಿಗೇರರಿಗೂ ಹೆಸರು ಒಂದೇ ಅಂತ ರಕ್ತಸಂಬಂಧ ಇರಲೇಬೇಕು ಅಂತೇನಿಲ್ಲವಲ್ಲ, ಹಾಗೆ.

ಅರ್ಥ ಖಚಿತ ಮಾಡಿಕೊಳ್ಳಲು ಅಂತರ್ಜಾಲದ ಸಿಕ್ಕಸಿಕ್ಕ ಪುಟ ನಂಬಬೇಡಿ. 2016ರಲ್ಲಿ ಆಕ್ಸ್‌ಫರ್ಡ್‌ನವರು ಬ್ರಿಟನ್ ಮತ್ತು ಐರ್ಲೆಂಡಿನ ಅಡ್ಡಹೆಸರುಗಳ ನಾಲ್ಕು ಸಂಪುಟದ ನಿಘಂಟು ತಂದಿದ್ದಾರೆ. ಹೆಸರು 1881ರಲ್ಲಿ ಎಲ್ಲಿ ಜಾಸ್ತಿ ಇತ್ತು, ಹಳೆಯ ದಾಖಲೆಗಳಲ್ಲಿ ಹೇಗೆ ಬರೆದಿತ್ತು ಎರಡೂ ಅದರಲ್ಲಿ ಸಿಗುತ್ತವೆ. ಬ್ರಿಟನ್‌ನಲ್ಲಿರುವವರು ಲೈಬ್ರರಿ ಕಾರ್ಡ್ ಇದ್ದರೆ ಮನೆಯಲ್ಲೇ ಕೂತು ಓದಬಹುದಾ ಅಂತ ನಿಮ್ಮ ಲೈಬ್ರರಿಯಲ್ಲಿ ಕೇಳಿ ನೋಡಿ.

ಚರ್ಚ್ ಪುಸ್ತಕಗಳು, ಮತ್ತೆ ಆ ‘ಅಲಿಯಾಸ್’

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಜನನ, ಮದುವೆ, ಮರಣ ದಾಖಲಿಸಲು ಶುರು ಮಾಡಿದ್ದು 1837ರ ಜುಲೈ 1ರಂದು. ಸ್ಕಾಟ್ಲೆಂಡಿನಲ್ಲಿ 1855. ಐರ್ಲೆಂಡಿನಲ್ಲಿ ಪೂರ್ತಿಯಾಗಿ 1864. ಐಲ್ ಆಫ್ ಮ್ಯಾನ್‌ನಲ್ಲಿ ಜನನ ಮರಣ 1878ಕ್ಕೆ ಕಡ್ಡಾಯವಾಯಿತು. ಅದಕ್ಕಿಂತ ಹಿಂದಕ್ಕೆ ಚರ್ಚ್ ಪುಸ್ತಕಗಳೇ ಗತಿ. ಇಂಗ್ಲೆಂಡಿನಲ್ಲಿ 1538ರಿಂದ ದೀಕ್ಷಾಸ್ನಾನ, ಮದುವೆ, ಸಂಸ್ಕಾರಗಳನ್ನು ಬರೆದಿಡಬೇಕು ಅಂತ ಆಜ್ಞೆಯಾಯಿತು. ಫ್ರೀಬಿಎಂಡಿ, ಫ್ರೀರೆಜ್ ಅನ್ನುವ ಎರಡು ತಾಣಗಳಲ್ಲಿ ಸ್ವಯಂಸೇವಕರು ಟೈಪ್ ಮಾಡಿಟ್ಟಿದ್ದನ್ನು ಬಿಟ್ಟಿ ನೋಡಬಹುದು. ಮ್ಯಾನ್ ದ್ವೀಪಕ್ಕಾದರೆ ಅಲ್ಲಿನ ರಾಷ್ಟ್ರೀಯ ಪರಂಪರೆ ಸಂಸ್ಥೆಯ ಐಮ್ಯೂಸಿಯಂ ತಾಣ ಇದೆ.

ಹಳೆಯ ತಾರೀಖು ಓದುವಾಗ ಎಚ್ಚರ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ನಮ್ಮ ಯುಗಾದಿಯ ಆಸುಪಾಸು! ಹಾಗಾಗಿ 1710ರ ಫೆಬ್ರವರಿ ಅಂತ ಬರೆದಿದ್ದರೆ ಅದು ನಮ್ಮ ಲೆಕ್ಕದಲ್ಲಿ 1711.

ಮ್ಯಾನ್ ದ್ವೀಪದ ಉಯಿಲು ಮತ್ತು ಸಮಾಧಿ ಕಲ್ಲುಗಳಲ್ಲಿ ಒಂದು ಸೊಗಸು ಇದೆ. ಹೆಂಗಸರ ಹೆಸರಿನ ಮುಂದೆ ‘ಅಲಿಯಾಸ್’ ಅಂತ ಇನ್ನೊಂದು ಹೆಸರು ಇರುತ್ತದೆ. ಬಹಳ ಸಲ ಮೊಟಕು ಮಾಡಿ ಮೂರೇ ಅಕ್ಷರದಲ್ಲಿ ಕೊರೆದಿರುತ್ತಾರೆ. ಮೊದಲು ಕಂಡಾಗ ನನಗೆ ನಗು. ನಮ್ಮ ಪೇಪರುಗಳಲ್ಲಿ ಅಲಿಯಾಸ್ ಅಂತ ಬರುವುದು ರೌಡಿ ಶೀಟರ್‌ಗಳ ಹೆಸರಿಗೆ ತಾನೇ? ಅಲ್ಲಿ ಅದು ತವರುಮನೆಯ ಹೆಸರು. ಇಂಗ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಹೆಂಗಸಿನ ಹುಟ್ಟಿದ ಮನೆ ಹುಡುಕಲು ಒದ್ದಾಡಬೇಕು. ಈ ದ್ವೀಪದಲ್ಲಿ ಕಲ್ಲಿನ ಮೇಲೇ ಕೊರೆದಿಟ್ಟಿದ್ದಾರೆ. ನಿಮ್ಮ ಹೆಸರಿನ ಊರಿನಲ್ಲಿ ಇಂಥ ಸ್ಥಳೀಯ ಪದ್ಧತಿ ಏನಿದೆ ಅಂತ ಮೊದಲೇ ತಿಳಿದುಕೊಂಡರೆ ತಿಂಗಳುಗಟ್ಟಲೆ ಕೆಲಸ ಉಳಿಯುತ್ತದೆ.

ದಾಖಲೆಯನ್ನೇ ಕಣ್ಣಾರೆ ನೋಡಬೇಕು ಅನ್ನುವುದಕ್ಕೆ ಮಾರ್ಕ್ ಕಬ್ಬನ್ ಅವರೇ ಸಾಕ್ಷಿ. ಹುಟ್ಟಿದ ವರ್ಷ ಒಂದು ಪುಸ್ತಕದಲ್ಲಿ 1775, ಇನ್ನೊಂದರಲ್ಲಿ 1784. ಒಂಬತ್ತು ವರ್ಷದ ಅಂತರ! ಇಂಥ ಕಡೆ ಪುಸ್ತಕ ಪುಸ್ತಕ ಹೋಲಿಸುತ್ತಾ ಕೂರಬೇಡಿ, ದೀಕ್ಷಾಸ್ನಾನದ ಪುಟದ ಚಿತ್ರ ತೆಗೆಸಿ.

ಅವರ ಸೋದರಮಾವನಿಂದ ಇನ್ನೊಂದು ಪಾಠ. ಮೈಸೂರಿನಲ್ಲಿ ರೆಸಿಡೆಂಟ್, ಅಂದರೆ ಬ್ರಿಟಿಷರ ಪ್ರತಿನಿಧಿ ಆಗಿದ್ದು, ಆಮೇಲೆ ಈ ಸೀಮೆಯ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಅವರೇ ಆ ಮಾವ. ಅವರೂ ಐಲ್ ಆಫ್ ಮ್ಯಾನ್‌ನಲ್ಲೇ ಹುಟ್ಟಿದವರು. ಆದರೆ ವಿಲ್ಕ್ಸ್ ಅನ್ನುವುದು ಮ್ಯಾಂಕ್ಸ್ ಹೆಸರಲ್ಲ, ವಿಲಿಯಮ್‌ನಿಂದ ಬಂದ ಇಂಗ್ಲಿಷ್ ಹೆಸರು. ಮನುಷ್ಯನ ಊರು ಬೇರೆ, ಹೆಸರಿನ ಊರು ಬೇರೆ ಇರಬಹುದು.

ಇವತ್ತು ಎಲ್ಲಿದ್ದಾರೆ

ಇದಕ್ಕೆ ಜಾಸ್ತಿ ಹೊತ್ತು ಬೇಡ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 1881 ಮತ್ತು 1998ರ ಹಂಚಿಕೆಯನ್ನು ಅಕ್ಕಪಕ್ಕ ತೋರಿಸುವ ನಕ್ಷೆ ಮಾಡಿದ್ದರು. ಹಾಗೆ ಎರಡು ಕಾಲದ್ದು ಜೊತೆಯಲ್ಲಿಟ್ಟು ನೋಡುವುದೇ ಸರಿಯಾದ ಕ್ರಮ. ಪ್ರಪಂಚದಲ್ಲಿ ಈ ಹೆಸರಿನವರು ಇಷ್ಟೇ ಜನ ಅಂತ ಕೊನೆಯ ಅಂಕಿವರೆಗೆ ಹೇಳುವ ತಾಣಗಳು ಅಂದಾಜು ಮಾಡಿ ಹೇಳುತ್ತವೆ, ಆ ಅಂಕಿಯನ್ನು ಹಾಗೇ ಎತ್ತಿ ಬರೆಯಬೇಡಿ. ವಿದೇಶಕ್ಕೆ ಹೋದವರನ್ನು ಹುಡುಕುವಾಗ ಊರಿನವರು ಒಟ್ಟಾಗಿ ಎಲ್ಲಿ ಇಳಿದರು ಅಂತ ಕೇಳಿ. ಮ್ಯಾನ್ ದ್ವೀಪದವರು 1820ರ ದಶಕದಿಂದ ಅಮೆರಿಕದ ಓಹಾಯೋದ ಕ್ಲೀವ್‌ಲ್ಯಾಂಡ್ ಸುತ್ತ ನೆಲೆಸಿದರು. ಅಲ್ಲಿ ದ್ವೀಪದ ಹೆಸರುಗಳು ಗೊಂಚಲು ಗೊಂಚಲಾಗಿ ಸಿಗುತ್ತವೆ.

1979ರಲ್ಲಿ ಶುರುವಾದ ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್ ಅನ್ನುವ ಸಂಘ ಇದೆ. ಒಂದೇ ಒಂದು ಅಡ್ಡಹೆಸರು ಹಿಡಿದು ಪ್ರಪಂಚ ಸುತ್ತುವವರ ಸಂಘ. ನಿಮ್ಮ ಹೆಸರನ್ನು ಯಾರಾದರೂ ಆಗಲೇ ಹಿಡಿದಿದ್ದಾರಾ ಅಂತ ಅವರ ಪಟ್ಟಿಯಲ್ಲಿ ನೋಡಿ. ಇದ್ದರೆ ಒಂದು ಇಮೇಲ್ ಹಾಕಿ.

ಡಿಎನ್‌ಎ ಪರೀಕ್ಷೆ ಬೇಕಾ? ಅಡ್ಡಹೆಸರು ಅಪ್ಪನಿಂದ ಮಗನಿಗೆ, ವೈ ಕ್ರೋಮೋಸೋಮ್ ಕೂಡ ಹಾಗೇ. ಹಾಗಾಗಿ ಒಂದೇ ಅಪರೂಪದ ಹೆಸರಿನ ಗಂಡಸರಿಗೆ ಒಬ್ಬನೇ ಮೂಲಪುರುಷ ಇರುವ ಸಾಧ್ಯತೆ ಜಾಸ್ತಿ ಅಂತ ಸಂಶೋಧನೆಗಳು ತೋರಿಸಿವೆ. ಆದರೆ ಕಾಗದದ ಕೆಲಸ ಮುಗಿಯುವ ಮುಂಚೆ ಅದಕ್ಕೆ ದುಡ್ಡು ಹಾಕಬೇಡಿ ಅನ್ನುವುದು ನನ್ನ ಅಭಿಪ್ರಾಯ. ‘ನಿಮ್ಮ ಮನೆತನದ ಲಾಂಛನ’ ಅಂತ ಮಗ್ ಮಾರುವವರಿಗಂತೂ ಒಂದು ರೂಪಾಯಿಯೂ ಬೇಡ. ಬ್ರಿಟನ್‌ನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಆಮೇಲೆ ಅವನ ವಂಶಕ್ಕೆ. ಅದೇ ಹೆಸರಿನ ಎಲ್ಲರಿಗೂ ಅಲ್ಲ.

ಎಳೆ ಕರ್ನಾಟಕದಲ್ಲಿದ್ದರೆ

ಮಾರ್ಕ್ ಕಬ್ಬನ್ ಮದುವೆಯಾಗಲಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರು ರಸ್ತೆಗೆ, ಪೇಟೆಗೆ, ಪಾರ್ಕಿಗೆ, ಮೆಟ್ರೋ ನಿಲ್ದಾಣಕ್ಕೆ ಇದೆ. ಹೈಕೋರ್ಟ್ ಆವರಣದಲ್ಲಿದ್ದ ಪ್ರತಿಮೆ 2020ರಲ್ಲಿ ಪಾರ್ಕಿನ ಒಳಗೆ ಬಂತು. ಬೋರ್ಡುಗಳನ್ನು ಎಣಿಸುವ ನಕ್ಷೆ ಇದ್ದಿದ್ದರೆ ಕಬ್ಬನ್ ಹೆಸರಿನ ತವರು ಬೆಂಗಳೂರು ಅಂತಲೇ ಬರುತ್ತಿತ್ತೋ ಏನೋ.

ಬೇರೆ ಹೆಸರುಗಳಿಗೆ ಮಾತ್ರ ಇಲ್ಲಿ ನಿಜವಾಗಿಯೂ ಕೆಲಸ ಇದೆ. ಕಂಪನಿ ಮತ್ತು ಬ್ರಿಟಿಷ್ ಕಾಲದ ಚರ್ಚ್ ದಾಖಲೆಗಳ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ದಂಡಿನದು ಮದ್ರಾಸ್ ವಿಭಾಗದಲ್ಲಿ ಹುಡುಕಬೇಕು. ಬ್ರಿಟಿಷ್ ಇಂಡಿಯಾದಲ್ಲಿದ್ದ ಕುಟುಂಬಗಳ ಬಗ್ಗೆ ಹುಡುಕುವ ಫಿಬಿಸ್ ಅನ್ನುವ ಸಂಘದ ತಾಣದಲ್ಲಿ ಬಿಟ್ಟಿ ಹುಡುಕಾಟ ಇದೆ.

ಕೋಲಾರದ ಚಿನ್ನದ ಗಣಿ ಇನ್ನೂ ಸ್ವಾರಸ್ಯ. 1880ರಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲಿಟ್ಟ ಮೇಲೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನಿಂದ ತವರದ ಗಣಿ ಕೆಲಸ ಬಲ್ಲವರು ಬಂದರು. ಟ್ರೆ, ಪೊಲ್, ಪೆನ್ ಅಂತ ಶುರುವಾಗುವ ಹೆಸರು ಕಂಡರೆ ಕಾರ್ನ್‌ವಾಲ್‌ನವರು ಅಂತ ಅಲ್ಲಿ ಗಾದೆಯೇ ಇದೆ. ಕಾರ್ನಿಷ್ ಭಾಷೆಯಲ್ಲಿ ಟ್ರೆ ಅಂದರೆ ಹಳ್ಳಿ ಅಥವಾ ಹೊಲಮನೆ, ಪೊಲ್ ಅಂದರೆ ಕೊಳ, ಪೆನ್ ಅಂದರೆ ತಲೆ, ತುದಿ. ನಮ್ಮ ಕೆರೆ, ಹಳ್ಳಿ, ಕೊಪ್ಪಗಳ ಹಾಗೆ. ಊರಿನ ಹೆಸರೇ ಮನೆಯ ಹೆಸರಾದದ್ದು.

ಕೆಜಿಎಫ್‌ಗೋ ಬೆಂಗಳೂರಿನ ಹಳೆಯ ಸಿಮೆಟ್ರಿಗೋ ಹೋಗುವುದಾದರೆ ಮೊದಲು ನೋಡಿಕೊಳ್ಳುವವರ ಅನುಮತಿ ಕೇಳಿ. ಸಂಜೆ ನಾಲ್ಕರ ಮೇಲೆ ಹೋಗಿ, ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಮಧ್ಯಾಹ್ನ ಏನೂ ಕಾಣಿಸುವುದಿಲ್ಲ. ಅಕ್ಷರ ಎದ್ದು ಕಾಣಲಿ ಅಂತ ಸುಣ್ಣ, ಸೀಮೆಸುಣ್ಣ ಬಳಿಯಬೇಡಿ, ಕಲ್ಲು ಹಾಳಾಗುತ್ತದೆ. ಮೃದುವಾದ ಬ್ರಷ್ಷಿನಿಂದ ಧೂಳು ಒರೆಸಿ, ಒಂದು ಬಾಟಲಿ ನೀರು ಚಿಮುಕಿಸಿದರೆ ಸಾಕು. ಸ್ಪೆಲ್ಲಿಂಗ್ ತಪ್ಪಿದೆ ಅನ್ನಿಸಿದರೂ ತಿದ್ದದೆ ಇದ್ದ ಹಾಗೇ ಬರೆದುಕೊಳ್ಳಿ. ಕಲ್ಲಿನ ಕೊನೆಯ ಸಾಲುಗಳನ್ನು ಬಿಡಬೇಡಿ, ಹುಲ್ಲು ಬೆಳೆದು ಮುಚ್ಚಿದ್ದರೆ ಸರಿಸಿ ನೋಡಿ. ತೀರಿಕೊಂಡವರು ಯಾವ ಹಳ್ಳಿಯಿಂದ ಬಂದವರು ಅಂತ ಬರೆದಿದ್ದರೆ ಬಹಳ ಸಲ ಅಲ್ಲೇ, ಕಟ್ಟಕಡೆಯ ಸಾಲಿನಲ್ಲಿ ಇರುತ್ತದೆ.